ಕೇರಿ ನೋಡಿ ಕಳ್ಳನನ್ನು ಹುಡುಕಬೇಡಿ

ಹುಬ್ಬಳ್ಳಿಯಲ್ಲಿ ಸೆಟ್ಲಮೆಂಟ್ ಅಂತ ಒಂದು ಏರಿಯಾ ಇದೆ. ಗದಗ-ಬೆಟಗೇರಿಯಲ್ಲೂ ಇದೇ ಹೆಸರಿನ ಜಾಗ ಇದೆ. ಈ ಹೆಸರು ಎಲ್ಲಿಂದ ಬಂತು ಗೊತ್ತಾ?

1871ರಲ್ಲಿ ಬ್ರಿಟಿಷರು ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದರು. ಸರ್ಕಾರ ಒಂದು ಸಮುದಾಯವನ್ನು ಅಪರಾಧಿ ಅಂತ ಸಾರಿದರೆ ಮುಗಿಯಿತು. ಅಲ್ಲಿನವರ ಹೆಸರು ರಿಜಿಸ್ಟರ್‌ಗೆ ಹೋಗುತ್ತಿತ್ತು. ಪಾಸ್ ಇಲ್ಲದೆ ಊರು ಬಿಡುವಂತಿರಲಿಲ್ಲ. ಆ ಘೋಷಣೆಯನ್ನು ಕೋರ್ಟ್ ಕೂಡ ಪ್ರಶ್ನಿಸುವಂತಿರಲಿಲ್ಲ. ಆಮೇಲೆ ಇಂಥ ಮನೆಗಳವರನ್ನು ತಂದು ಕಾವಲಲ್ಲಿಟ್ಟ ಜಾಗಗಳೇ ಸೆಟ್ಲಮೆಂಟ್. ಹಾಗೆ ತಂದಿಟ್ಟ ಸಮುದಾಯಗಳಲ್ಲಿ ಕೊರವರು, ಹರಣಶಿಕಾರಿಗಳು, ಗಂಟಿಚೋರರು ಇದ್ದರು. ನೋಡಿ, ಒಂದು ಸಮುದಾಯದ ಹೆಸರಿನಲ್ಲೇ ಚೋರ ಅಂತ ಸೇರಿಕೊಂಡಿದೆ. ಆ ಹೆಸರು ಹೊತ್ತುಕೊಂಡೇ ಮಕ್ಕಳು ಶಾಲೆಗೆ ಹೋಗಬೇಕು.

ಯಾರ ಮೇಲೆ ಅನುಮಾನ ಪಡಬೇಕು ಅಂತ ಗುರುತುಗಳನ್ನು ನೋಡಿ ಲೆಕ್ಕ ಹಾಕುವುದಕ್ಕೆ ಪ್ರೊಫೈಲಿಂಗ್ ಅನ್ನುತ್ತಾರೆ. ಅದರಲ್ಲಿ ಎರಡು ಥರ ಇದೆ. ಬೀಗ ಹೇಗೆ ಮುರಿದರು, ಎಷ್ಟು ಹೊತ್ತಿಗೆ ಬಂದರು, ಏನನ್ನು ಮುಟ್ಟಲಿಲ್ಲ, ಇದನ್ನೆಲ್ಲ ಸೇರಿಸಿ ಮಾಡಿದವನ ಕಡೆಗೆ ಹೋಗುವುದು ಒಂದು. ನಮ್ಮ ಪೊಲೀಸರು ಅಪರಾಧಿಗಳ ಬಗ್ಗೆ ಬರೆದಿಡುವ ಎಂಒಬಿ (ಮೋಡಸ್ ಆಪರೆಂಡಿ ಬ್ಯೂರೋ) ಕಾರ್ಡ್ ಹಿಂದಿರುವ ಯೋಚನೆ ಅದೇ, ಕೃತ್ಯದ ರೀತಿ ನೋಡುವುದು. ಇದು ಬೇಕು. ಇನ್ನೊಂದು, ಕಳ್ಳತನ ಆದ ತಕ್ಷಣ ಒಂದು ಕೇರಿಗೆ ನುಗ್ಗುವುದು.

"ಅಲ್ಲಿ ಕಳ್ಳರು ಇದ್ದದ್ದು ನಿಜ ತಾನೇ?" ಅಂತ ಕೇಳುವವರಿದ್ದಾರೆ. ಸರಿ, ಸಾವಿರ ಜನರ ಕೇರಿಯಲ್ಲಿ 10 ಕಳ್ಳರಿದ್ದಾರೆ ಅಂತಲೇ ಇಟ್ಟುಕೊಳ್ಳಿ. ನೀವು ಕೇರಿ ನೋಡಿ ಹಿಡಿದರೆ, ಸುಮ್ನೆ ಒದೆ ತಿನ್ನುವವರು 990 ಜನ. ಅಷ್ಟರಲ್ಲಿ ಪಕ್ಕದ ಬಡಾವಣೆಯ ನಿಜವಾದ ಕಳ್ಳ ಆರಾಮಾಗಿ ಮನೆಗೆ ಹೋಗಿರುತ್ತಾನೆ. ಅವನನ್ನು ಯಾರೂ ಕೇಳುವುದಿಲ್ಲ, ಅಲ್ವಾ? ಒಮ್ಮೆ ಒದೆ ತಿಂದ ಹುಡುಗ ಮುಂದೆ ಕಣ್ಣಾರೆ ಕಳ್ಳತನ ನೋಡಿದರೂ ಠಾಣೆಯ ಮೆಟ್ಟಿಲು ಹತ್ತುತ್ತಾನಾ?

1952ರ ಆಗಸ್ಟ್ 31ಕ್ಕೆ ಆ ಕಾಯ್ದೆ ಹೋಯಿತು. ಅದಕ್ಕೇ ಆ ದಿನವನ್ನು ವಿಮುಕ್ತ ದಿನ ಅನ್ನುತ್ತಾರೆ. ಆದರೆ ಅದರ ಬದಲಿಗೆ ರೂಢಿಗತ ಅಪರಾಧಿಗಳ, ಅಂದರೆ ಪದೇ ಪದೇ ಅಪರಾಧ ಮಾಡುವವರ ಮೇಲಿನ ಕಾಯ್ದೆಗಳು ಬಂದವು, ಅನುಮಾನ ಉಳಿಯಿತು. ಎಷ್ಟರ ಮಟ್ಟಿಗೆ ಅಂದರೆ, ಜೈಲಿನ ರಿಜಿಸ್ಟರ್‌ಗಳಿಂದ ಜಾತಿ ಕಾಲಂ ತೆಗೆಯಿರಿ ಅಂತ ಸುಪ್ರೀಂ ಕೋರ್ಟ್ ಹೇಳಬೇಕಾಗಿ ಬಂದದ್ದು 2024ರ ಅಕ್ಟೋಬರ್‌ನಲ್ಲಿ. ಅದೇ ವರ್ಷ ಮೇ ತಿಂಗಳಲ್ಲಿ, ಹಿಂದುಳಿದ ಸಮುದಾಯಗಳ ಅಮಾಯಕರ ಹೆಸರು ಯಾಂತ್ರಿಕವಾಗಿ ಹಿಸ್ಟರಿ ಶೀಟ್‌ಗೆ, ಅಂದರೆ ಕಣ್ಣಿಡಬೇಕಾದವರ ಬಗ್ಗೆ ಠಾಣೆ ಇಡುವ ದಾಖಲೆಗೆ, ಸೇರುತ್ತಿರುವುದರ ಬಗ್ಗೆಯೂ ಅದೇ ಕೋರ್ಟ್ ಎಚ್ಚರಿಸಿತ್ತು.

ಹಾಗಾಗಿ ನಾನು ಕೇಳುವುದು ಇಷ್ಟೇ. ನಮ್ಮ ಠಾಣೆಗಳಲ್ಲಿರುವ ಹಳೇ ಶೀಟ್‌ಗಳನ್ನು ಒಂದೊಂದಾಗಿ ತೆಗೆದು ನೋಡಿ. ಈ ಮನುಷ್ಯ ಮಾಡಿದ್ದೇನು ಅನ್ನುವ ಜಾಗ ಖಾಲಿ ಇದ್ದರೆ, ಆ ಹಾಳೆಯನ್ನು ಇವತ್ತೇ ಮುಚ್ಚಿ.