ಸೋರದ ವ್ಯಾನಿನೊಳಗೆ ನೀರು ಎಲ್ಲಿಂದ ಬಂತು? | ಡೆಲಿಕಾ ಕ್ಯಾಂಪರ್ ಲೆಕ್ಕಾಚಾರ

ನಮಸ್ಕಾರ. ಇವತ್ತಿನ ಪ್ರಶ್ನೆ ನ್ಯೂಜಿಲೆಂಡ್‌ನಿಂದ ಬಂದಿದೆ. ಅಲ್ಲಿರುವ ನಮ್ಮ ವೀಕ್ಷಕರೊಬ್ಬರು ಹಳೆಯ ಮಿತ್ಸುಬಿಷಿ ಡೆಲಿಕಾ ಕೊಂಡು, ಹಿಂದಿನ ಸೀಟು ತೆಗೆದು, ಮಂಚ ಹಾಕಿ ಕ್ಯಾಂಪರ್ ಮಾಡಿಕೊಂಡಿದ್ದಾರೆ. ಗಂಡ ಹೆಂಡತಿ ಇಬ್ಬರೂ ಚಳಿಗಾಲದಲ್ಲಿ ಟೆಕಾಪೊ ಸರೋವರದ ಕಡೆ ಹೋಗಿ ಅದರಲ್ಲೇ ಮಲಗಿದ್ದಾರೆ. ಬೆಳಿಗ್ಗೆ ಕಣ್ಣು ಬಿಟ್ಟರೆ ಮುಖದ ಮೇಲೆ ತಟಕ್ ಅಂತ ಒಂದು ಹನಿ. ಹಾಸಿಗೆಯ ಅಂಚು ಒದ್ದೆ. ಹೊರಗೆ ನೋಡಿದರೆ ಮಳೆಯ ಸುಳಿವೇ ಇಲ್ಲ. ಊರಿಗೆ ವಾಪಸ್ ಬಂದು ಪೈಪ್ ಹಿಡಿದು ಚಾವಣಿ ಮೇಲೆ ನೀರು ಹೊಡೆದು ನೋಡಿದರಂತೆ. ಎಲ್ಲೂ ಸೋರಲಿಲ್ಲ. "ಹಾಗಾದರೆ ಆ ನೀರು ಎಲ್ಲಿಂದ ಬಂತು?"

ನೀವಿಬ್ಬರೇ ತಂದಿದ್ದು ಸ್ವಾಮಿ. ಹೇಗೆ ಅಂತ ಲೆಕ್ಕ ಹಾಕೋಣ.

[ಪರದೆ ಮೇಲೆ: ಡೆಲಿಕಾ ಸ್ಪೇಸ್ ಗೇರ್ ಚಿತ್ರ]

ಮೊದಲು ಗಾಡಿಯ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಡೆಲಿಕಾ ಸ್ಪೇಸ್ ಗೇರ್ 1994ರಲ್ಲಿ ಜಪಾನಿನಲ್ಲಿ ಬಂದ ವ್ಯಾನ್. ನೋಡೋಕೆ ವ್ಯಾನ್, ಒಳಗೆ ಪಜೇರೊ, ಅಂದರೆ ಮಿತ್ಸುಬಿಷಿಯದೇ ಬೆಟ್ಟಗುಡ್ಡ ಹತ್ತುವ ಜೀಪ್. ಫೋರ್ ವೀಲ್ ಡ್ರೈವ್ ವ್ಯವಸ್ಥೆ ಪಜೇರೊದ್ದೇ, ಕಡಿದಾದ ದಾರಿಯಲ್ಲಿ ನಿಧಾನವಾಗಿ, ಬಲವಾಗಿ ಎಳೆಯುವ ಲೋ ರೇಂಜ್ ಗೇರ್ ಸಮೇತ. ಇದರ 2.8 ಲೀಟರ್ ಟರ್ಬೊ ಡೀಸೆಲ್ ಎಂಜಿನ್ ಹೆಸರು 4ಎಂ40. ನಮ್ಮಲ್ಲಿ ಹಿಂದೂಸ್ತಾನ್ ಮೋಟರ್ಸ್ ಮಾರುತ್ತಿದ್ದ ಪಜೇರೊ ಎಸ್‌ಎಫ್‌ಎಕ್ಸ್ ನೆನಪಿದೆಯಲ್ವಾ? ಅದರಲ್ಲಿದ್ದದ್ದೂ ಇದೇ ಎಂಜಿನ್. ಜಪಾನಿನಿಂದ ಸೆಕೆಂಡ್ ಹ್ಯಾಂಡ್ ಆಗಿ ಈ ವ್ಯಾನುಗಳು ನ್ಯೂಜಿಲೆಂಡ್‌ಗೆ ಹೋದವು. 15 ವರ್ಷ ತುಂಬಿದ ಮೇಲೆ ಕೆನಡಾಕ್ಕೆ, 25 ತುಂಬಿದ ಮೇಲೆ ಅಮೆರಿಕಕ್ಕೂ ಹೊರಟವು. ಕೊಳ್ಳುವವರಿಗೆ ಒಂದೇ ಮಾತು: ರೇಡಿಯೇಟರ್, ಹೋಸ್ ಪೈಪು, ಸಿಲಿಂಡರ್ ಹೆಡ್ (ಎಂಜಿನ್ನಿನ ಮೇಲ್ಭಾಗ) ಚೆನ್ನಾಗಿ ನೋಡಿಸಿ. ವಯಸ್ಸಾದ ಈ ಡೀಸೆಲ್‌ಗಳು ಬಿಸಿಯಾದರೆ ಹೆಡ್ ಸೀಳುತ್ತೆ. ಅದಕ್ಕೆ ಮಂಚಕ್ಕಿಂತ ಮೊದಲು ಕೂಲಂಟ್, ಅಂದರೆ ಎಂಜಿನ್ ತಂಪಿಡುವ ದ್ರವ.

ಈಗ ನೀರಿಗೆ ಬರೋಣ. ನನಗೆ ಇಷ್ಟವಾದ ಭಾಗ ಇದೇ. ಎಡಿಟರ್ ಕತ್ತರಿ ಹಿಡಿದು ಕೂತಿದ್ದಾರೆ, ಆದರೂ ಬಿಡಲ್ಲ.

ಮಲಗಿರುವ ಮನುಷ್ಯ ಉಸಿರಿನಿಂದ, ಚರ್ಮದಿಂದ ಸುಮ್ನೆ ನೀರು ಬಿಡುತ್ತಲೇ ಇರುತ್ತಾನೆ. ಇಬ್ಬರು ಎಂಟು ಗಂಟೆ ಮಲಗಿದರೆ ಅರ್ಧ ಲೀಟರ್‌ಗಿಂತ ಜಾಸ್ತಿ. ಈ ವ್ಯಾನಿನೊಳಗೆ ಹಿಡಿಯುವ ಗಾಳಿ ಸುಮಾರು ಆರು ಘನ ಮೀಟರ್ ಅಂದುಕೊಳ್ಳಿ. 20 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ 17 ಗ್ರಾಂ ನೀರಾವಿ ಹಿಡಿದಿಟ್ಟುಕೊಳ್ಳುತ್ತೆ. ಅಂದರೆ ಇಡೀ ವ್ಯಾನಿಗೆ 100 ಗ್ರಾಂ. ಸೊನ್ನೆ ಡಿಗ್ರಿಗೆ ಇಳಿದರೆ ಘನ ಮೀಟರ್‌ಗೆ 5 ಗ್ರಾಂ, ಇಡೀ ವ್ಯಾನಿಗೆ 30. ನೀವು ಒಳಗೆ ಬಿಟ್ಟಿದ್ದು 500. ಗಾಳಿ ಹಿಡಿಯೋದು 30. ಬಾಕಿದು ಎಲ್ಲಿಗೆ ಹೋಗಬೇಕು? ತಣ್ಣಗಿರುವ ತಗಡು ಎಲ್ಲಿದೆಯೋ, ಗಾಜು ಎಲ್ಲಿದೆಯೋ ಅಲ್ಲಿಗೆ. ಕೆಲವು ಡೆಲಿಕಾಗಳಲ್ಲಿ ಚಾವಣಿ ತುಂಬ ಗಾಜಿನ ಕಿಟಕಿಗಳಿರುತ್ತವೆ, ಕ್ರಿಸ್ಟಲ್ ಲೈಟ್ ರೂಫ್ ಅಂತಾರೆ. ಮಲಗಿ ನಕ್ಷತ್ರ ನೋಡೋಕೆ ಸೊಗಸು. ಹನಿಗಟ್ಟೋದಕ್ಕೆ ಅದಕ್ಕಿಂತ ಒಳ್ಳೆ ಜಾಗ ಇನ್ನೊಂದಿಲ್ಲ.

ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಾಗ ಅದರ ಒಳಮೈಯಿಂದ ನೀರು ತಟತಟ ಸುರಿಯುತ್ತಲ್ಲ, ಅದೇ ಇದು. ವ್ಯಾನ್ ಪಾತ್ರೆ, ಚಾವಣಿ ಮುಚ್ಚಳ, ಇಡ್ಲಿಗಳು ನೀವು. ಇಡ್ಲಿ ಮೇಲೆ ನೀರು ಬೀಳಬಾರದು ಅಂತ ಕೆಲವರು ಮುಚ್ಚಳಕ್ಕೆ ಬಟ್ಟೆ ಕಟ್ಟುತ್ತಾರೆ. ವ್ಯಾನ್ ಮಾಡುವವರೂ ಹಾಗೇ, ಚಾವಣಿಗೆ ಕಾರ್ಪೆಟ್ ಅಂಟಿಸಿ "ಈಗ ಹನಿ ಬೀಳ್ತಿಲ್ಲ" ಅಂತ ಖುಷಿ ಪಡುತ್ತಾರೆ. ಹನಿ ಬೀಳ್ತಿಲ್ಲ ನಿಜ. ನೀರು ಬಟ್ಟೆಯಲ್ಲೇ ಇದೆ. ಅಡುಗೆಮನೆಯಲ್ಲಾದರೆ ಆ ಬಟ್ಟೆಯನ್ನು ಹಿಂಡಿ ಒಣಹಾಕುತ್ತೇವೆ. ಅಂಟಿಸಿದ ಕಾರ್ಪೆಟ್ ಹಿಂಡೋದು ಹೇಗೆ? ಆರು ತಿಂಗಳಿಗೆ ಬೂಷ್ಟು, ಆಮೇಲೆ ತುಕ್ಕು.

ಇಷ್ಟಕ್ಕೇ ಮುಗಿಯಲಿಲ್ಲ. ಚಳಿ ಅಂತ ಒಳಗೇ ಗ್ಯಾಸ್ ಸ್ಟೌ ಹಚ್ಚಿ ಟೀ ಕಾಯಿಸುತ್ತೀರಿ. ಗ್ಯಾಸ್ ಉರಿದರೆ ಏನು ಬರುತ್ತೆ? ಇಂಗಾಲದ ಡೈಆಕ್ಸೈಡ್ ಮತ್ತು ನೀರು. ಎಷ್ಟು ನೀರು? ಒಂದು ಕಿಲೋ ಗ್ಯಾಸ್ ಉರಿದರೆ ಒಂದೂವರೆ ಕಿಲೋಗಿಂತ ಜಾಸ್ತಿ. ತಪ್ಪಾಗಿ ಕೇಳಿಸಿಲ್ಲ, ಗ್ಯಾಸಿನ ತೂಕಕ್ಕಿಂತ ನೀರಿನ ತೂಕವೇ ಹೆಚ್ಚು, ಯಾಕಂದರೆ ಆಮ್ಲಜನಕ ಗಾಳಿಯಿಂದ ಬಂದು ಸೇರುತ್ತೆ. ನಮ್ಮ ಮನೆಯ 14.2 ಕಿಲೋ ಸಿಲಿಂಡರ್ ತಗೊಳ್ಳಿ. ಅದು ಖಾಲಿಯಾಗುವ ಹೊತ್ತಿಗೆ ಅಡುಗೆಮನೆಯ ಗಾಳಿಗೆ ಸುಮಾರು 22 ಲೀಟರ್ ನೀರು ಸೇರಿರುತ್ತೆ! ಮನೆಗೆ ಕಿಟಕಿ ಬಾಗಿಲು ಇದೆ, ಗೊತ್ತಾಗಲ್ಲ. ಮುಚ್ಚಿದ ವ್ಯಾನಿನಲ್ಲಿ 100 ಗ್ರಾಂ ಗ್ಯಾಸ್ ಉರಿಸಿದರೂ ಒಂದು ಲೋಟದಷ್ಟು ನೀರು ಜಾಸ್ತಿಯಾಯಿತು.

ಇಲ್ಲಿ ಡೀಸೆಲ್ ಗಾಡಿಯ ಲಾಭ ಶುರು. ಡೀಸೆಲ್ ಕೂಡ ಇದೇ ಜಾತಿ. ಒಂದು ಲೀಟರ್ ಡೀಸೆಲ್ ಉರಿದರೆ ಹತ್ತಿರ ಹತ್ತಿರ ಒಂದು ಲೀಟರ್ ನೀರೇ ಹುಟ್ಟುತ್ತೆ. ಆದರೆ ಡೀಸೆಲ್ ಹೀಟರ್ ಆ ನೀರನ್ನು ನಿಮ್ಮ ಕೋಣೆಗೆ ಬಿಡೋದಿಲ್ಲ. ಜರ್ಮನಿಯ ವೆಬಾಸ್ಟೊ, ಎಬರ್‌ಸ್ಪೇಷರ್ ಕಂಪನಿಗಳು ಹೆಸರು ಮಾಡಿದ್ದೇ ಇದರಲ್ಲಿ, ಈಗ ಅಗ್ಗದ ಚೀನಾ ಮಾಲೂ ಸಿಗುತ್ತೆ. ಉರಿಯುವ ಕೋಣೆ ಪೂರ್ತಿ ಮುಚ್ಚಿದ್ದು. ಉರಿಯೋಕೆ ಬೇಕಾದ ಗಾಳಿ ನೆಲದ ಕೆಳಗಿನ ಪೈಪಿನಿಂದ ಬರುತ್ತೆ, ಹೊಗೆ ಮತ್ತು ನೀರಾವಿ ಇನ್ನೊಂದು ಪೈಪಿನಿಂದ ನೆಲದ ಕೆಳಗೇ ಹೊರಗೆ ಹೋಗುತ್ತೆ. ವ್ಯಾನಿನ ಗಾಳಿ ಆ ಕೋಣೆಯ ಹೊರಮೈಯನ್ನು ಸವರಿಕೊಂಡು ಬಿಸಿಯಾಗಿ ಬರುತ್ತೆ, ಅಷ್ಟೇ. ಗಾಡಿಯ ಟ್ಯಾಂಕಿನಿಂದಲೇ ಸಣ್ಣ ಪೈಪ್ ಎಳೆದರೆ ಸಾಕು. ಎರಡು ಕಿಲೋವ್ಯಾಟ್‌ನ ಹೀಟರ್ ಜೋರಾಗಿ ಓಡಿದರೂ ಗಂಟೆಗೆ ಕಾಲು ಲೀಟರ್ ಆಸುಪಾಸು ಕುಡಿಯುತ್ತೆ. ಇಂಧನದ ಪಂಪು ರಾತ್ರಿಯಿಡೀ ಟಿಕ್ ಟಿಕ್ ಅನ್ನುತ್ತೆ. ನಿದ್ದೆ ಸೂಕ್ಷ್ಮವಾಗಿದ್ದರೆ ಅದನ್ನು ರಬ್ಬರ್ ಹಿಡಿಕೆಯಲ್ಲಿ ಕೂರಿಸಿ. ಮತ್ತೆ ಇಡೀ ರಾತ್ರಿ ಸಣ್ಣ ಉರಿಯಲ್ಲೇ ಓಡಿಸಬೇಡಿ, ಒಳಗೆ ಮಸಿ ಕಟ್ಟುತ್ತೆ. ಆರಿಸುವ ಮೊದಲು ಸ್ವಲ್ಪ ಹೊತ್ತು ಜೋರಾಗಿ ಉರಿಸಿ.

ತೀರಾ ಚಳಿಯಲ್ಲಿ ಡೀಸೆಲ್ಲೇ ಮೇಣಗಟ್ಟುತ್ತೆ, ಎಂಜಿನ್ನಿಗೂ ಹೀಟರಿಗೂ ಒಟ್ಟಿಗೇ ಉಪವಾಸ. ನ್ಯೂಜಿಲೆಂಡ್‌ನ ದಕ್ಷಿಣ ದ್ವೀಪದ ಬೆಟ್ಟದೂರುಗಳಲ್ಲಿ ಇದಕ್ಕಾಗಿಯೇ ಆಲ್ಪೈನ್ ಡೀಸೆಲ್ ಮಾರುತ್ತಾರೆ. ನಮ್ಮ ಲಡಾಖ್‌ಗೂ 2019ರಲ್ಲಿ ಇಂಡಿಯನ್ ಆಯಿಲ್ ಇಂಥ ಚಳಿಗಾಲದ ಡೀಸೆಲ್ ತಂದಿತು, ಮೈನಸ್ 33 ಡಿಗ್ರಿಯವರೆಗೂ ಹರಿಯುತ್ತೆ. ಬಯಲಿನಲ್ಲಿ ಟ್ಯಾಂಕ್ ಫುಲ್ ಮಾಡಿಕೊಂಡು ಬೆಟ್ಟ ಹತ್ತಬೇಡಿ. ಮೇಲೆ ಹೋಗಿ ತುಂಬಿಸಿ.

ಒಂದು ಕೊಕ್ಕೆ ಇದೆ. ಹೀಟರ್ ಗಾಳಿಯನ್ನು ಬಿಸಿ ಮಾಡುತ್ತೆ, ನಿಮ್ಮ ಉಸಿರಿನ ನೀರನ್ನು ಹೊರಗೆ ಹಾಕಲ್ಲ. ಅದನ್ನು ಹೊರಗೆ ಹಾಕೋಕೆ ಕಿಟಕಿ ತೆಗೆಯಲೇಬೇಕು. ಹೌದು, ಸೊನ್ನೆ ಡಿಗ್ರಿಯಲ್ಲಿ ಹೀಟರ್ ಹಾಕಿಕೊಂಡು ಕಿಟಕಿ ತೆಗೆಯೋದು. ಅಜ್ಜಿ ಕೇಳಿದರೆ ಬೈತಾರೆ, ಆದರೆ ದಾರಿ ಅದೇ. ಕೆಳಗೊಂದು ಸಂದು, ಮೇಲೊಂದು ಫ್ಯಾನ್. ಹೊರಗಿನ ತಣ್ಣನೆ ಗಾಳಿಯಲ್ಲಿ ನೀರು ಕಡಿಮೆ. ಅದು ಒಳಗೆ ಬಂದು ಬಿಸಿಯಾಗಿ, ನಿಮ್ಮ ನೀರನ್ನು ಹೀರಿಕೊಂಡು ಮೇಲಿನಿಂದ ಹೊರಟು ಹೋಗುತ್ತೆ.

ಇನ್ಸುಲೇಷನ್, ಅಂದರೆ ಚಳಿ ತಡೆಯುವ ಒಳಪದರದ ಬಗ್ಗೆ ಜಗಳ ಜಾಸ್ತಿ. ನನ್ನ ಪಕ್ಷ ಸ್ಪಷ್ಟ: ರಂಧ್ರಗಳು ಮುಚ್ಚಿರುವ ರಬ್ಬರ್ ಫೋಮ್ ತಂದು, ತಗಡಿಗೆ ನೇರವಾಗಿ, ಗಾಳಿ ನುಸುಳದ ಹಾಗೆ ಅಂಟಿಸಿ. ಗ್ಲಾಸ್ ವೂಲ್ (ಗಾಜಿನ ಎಳೆಯ ಹತ್ತಿ) ತುಂಬಿ ಮೇಲೆ ಮರದ ಪಟ್ಟಿ ಹೊಡೆದರೆ ಆವಿ ಸಂದಿನಲ್ಲಿ ನುಗ್ಗಿ ಹಿಂದಿನ ತಗಡಿನ ಮೇಲೆ ಹನಿಗಟ್ಟುತ್ತೆ, ನಿಮಗೆ ಕಾಣೋದೂ ಇಲ್ಲ. ಇನ್‌ಸ್ಟಾಗ್ರಾಮ್‌ನಲ್ಲಿ ಎಲ್ಲರೂ ಮರದ ಗೋಡೆ, ಪುಟ್ಟ ಗಿಡ, ದೀಪದ ಸರ ತೋರಿಸುತ್ತಾರೆ. ಆ ಗೋಡೆಯ ಹಿಂದೆ ಏನಿದೆ ಅಂತ ಒಬ್ಬರೂ ತೋರಿಸಲ್ಲ. ಮರದ ಗೋಡೆಯ ದುಡ್ಡಿಗೆ ಒಂದು ಒಳ್ಳೆ ಫ್ಯಾನ್ ಬರುತ್ತೆ.

[ಎಡಿಟರ್ ಕೈ ತೋರಿಸುತ್ತಿದ್ದಾರೆ]

ಆಯ್ತು, ಆಯ್ತು. ಉಳಿದದ್ದು ಓಡುತ್ತಾ ಹೇಳುತ್ತೇನೆ.

ತೂಕ. ಆ ಮರದ ಗೋಡೆ ಬೇಡ ಅನ್ನೋಕೆ ಎರಡನೇ ಕಾರಣ ಇದು. 18 ಮಿಲಿಮೀಟರ್ ಪ್ಲೈವುಡ್‌ನ ಎಂಟಡಿ ನಾಲ್ಕಡಿ ಹಲಗೆ ಒಂದೇ 30 ಕಿಲೋ ಆಸುಪಾಸು ತೂಗುತ್ತೆ. 40 ಲೀಟರ್ ನೀರಿಗೆ 40 ಕಿಲೋ. ಮೇಲೆ ರೂಫ್ ರ‍್ಯಾಕ್, ಅದರ ಮೇಲೆ ಟೆಂಟ್. ಎತ್ತರದ ಗಾಡಿಗೆ ನೆತ್ತಿಯ ಮೇಲೆ ಭಾರ ಹೇರಿದರೆ ತಿರುವಿನಲ್ಲಿ ವಾಲುತ್ತೆ, ಕೆಸರಿನಲ್ಲಿ ಹೂಳುತ್ತೆ. ಲೋ ರೇಂಜ್‌ಗೋಸ್ಕರ ದುಡ್ಡು ಕೊಟ್ಟು ಕೊಂಡ ಗಾಡಿಯನ್ನು ಮರದ ಬೀರು ಸಾಗಿಸುವ ಲಾರಿ ಮಾಡಿದ ಹಾಗಾಯಿತು. ತೆಳುವಾದ ಪ್ಲೈ ಸಾಕು, ಭಾರದ್ದೆಲ್ಲ ನೆಲದ ಹತ್ತಿರ ಇಡಿ.

ವಿದ್ಯುತ್ತು. 100 ಆಂಪ್ ಅವರ್‌ನ ಒಂದು ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಸಾಕು, ಹನ್ನೊಂದು ಹನ್ನೆರಡು ಕಿಲೋ ಇರುತ್ತೆ. ಅದೇ ಅಳತೆಯ ಸೀಸದ ಬ್ಯಾಟರಿ ಅದರ ಎರಡರಷ್ಟಕ್ಕೂ ಜಾಸ್ತಿ ತೂಗುತ್ತೆ, ಅರ್ಧಕ್ಕಿಂತ ಕೆಳಗೆ ಬರಿದು ಮಾಡಿದರೆ ಬೇಗ ಸಾಯುತ್ತೆ. ಗಾಡಿ ಓಡುವಾಗ ಚಾರ್ಜ್ ಆಗಲು ಡಿಸಿ ಟು ಡಿಸಿ ಚಾರ್ಜರ್ ಹಾಕಿಸಿ. ಪ್ರತಿ ತಂತಿಗೂ ಬ್ಯಾಟರಿಯ ಹತ್ತಿರವೇ ಫ್ಯೂಸ್.

ಕಾನೂನು. ನ್ಯೂಜಿಲೆಂಡ್‌ನಲ್ಲಿ 2023ರಲ್ಲಿ ಬಂದ ಹೊಸ ಕಾಯ್ದೆಯ ಪ್ರಕಾರ ಶೌಚಾಲಯ, ನೀರು ಎಲ್ಲ ಗಾಡಿಯಲ್ಲೇ ಇದೆ ಅನ್ನುವ ಸೆಲ್ಫ್ ಕಂಟೇನ್ಡ್ ಪ್ರಮಾಣಪತ್ರ ಬೇಕಾದರೆ ಶೌಚಾಲಯ ಗಾಡಿಗೆ ಕೂರಿಸಿರಬೇಕು, ಮೂಲೆಯಲ್ಲಿ ಎತ್ತಿಡುವ ಪೊರ್ಟಾ ಪಾಟಿ ಅನ್ನುವ ಸಣ್ಣ ಶೌಚದ ಡಬ್ಬಿ ನಡೆಯಲ್ಲ. ಡೀಸೆಲ್ ಗಾಡಿಗಳು ಓಡಿದ ಕಿಲೋಮೀಟರ್ ಲೆಕ್ಕದಲ್ಲಿ ರಸ್ತೆ ಶುಲ್ಕವನ್ನು ಬೇರೆ ಕಟ್ಟಬೇಕು. ಬಂಕಿನಲ್ಲಿ ಡೀಸೆಲ್ ಅಗ್ಗ ಅಂತ ಹಿಗ್ಗಬೇಡಿ. ಇನ್ನು "ಬೆಂಗಳೂರಲ್ಲಿ ನನ್ನ ಗಾಡಿಗೆ ಇದನ್ನೇ ಮಾಡಬಹುದಾ" ಅಂತ ಕೇಳುವವರಿಗೆ: ಆರ್‌ಸಿಯಲ್ಲಿರುವ ಮೂಲ ವಿವರಗಳಿಗೆ ಹೊಂದದ ಬದಲಾವಣೆ ಸಲ್ಲದು ಅಂತ 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಗರಗಸ ಎತ್ತುವ ಮೊದಲು ಆರ್‌ಟಿಒ ಕಚೇರಿಗೆ ಹೋಗಿ ಬನ್ನಿ.

ಕಡೆಯದು, ಇದನ್ನು ಮಾತ್ರ ಯಾರೂ ಕತ್ತರಿಸಬಾರದು. ಗ್ಯಾಸ್ ಸ್ಟೌ ಅಡುಗೆಗೆ ಮಾತ್ರ, ಕಿಟಕಿ ತೆಗೆದು. ಚಳಿ ಕಾಯಿಸಿಕೊಳ್ಳೋಕೆ ಅದನ್ನು ಉರಿಸಿಟ್ಟು ಮಲಗಬೇಡಿ. ಹೀಟರಿನ ಹೊಗೆ ಪೈಪಿನ ಬಾಯಿ ಕಿಟಕಿ, ಬಾಗಿಲ ಸಂದಿಗೆ ದೂರ ಇರಲಿ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ. ಅದರ ಅಲಾರಂ ತಂದು ಮಲಗಿದಾಗ ತಲೆ ಇರುವ ಎತ್ತರಕ್ಕೆ ಹಾಕಿ, ಹೊರಡುವ ಮೊದಲು ಬಟನ್ ಒತ್ತಿ ಅದು ಕೂಗುತ್ತಾ ಅಂತ ನೋಡಿ.