13ನೇ ಕಾಲಂ

ಕೇಳುಗರಿಗೆ ನಮಸ್ಕಾರ.

ಸೈನ್ಯದಲ್ಲಿದ್ದಷ್ಟು ವರ್ಷ ನಾನು ಬಂದೂಕು ಹಿಡಿದದ್ದಕ್ಕಿಂತ ಟೈಪ್‌ರೈಟರ್ ಮುಂದೆ ಕೂತದ್ದೇ ಜಾಸ್ತಿ. ಕ್ಲರ್ಕ್ ಆಗಿದ್ದೆ. ನಮ್ಮ ಆಫೀಸಿನಲ್ಲಿ ಒಂದು ಮಾತು ಬಳಕೆಯಲ್ಲಿತ್ತು, ಹೊರಗಿನವರಿಗೆ ಅದು ವಿಚಿತ್ರವಾಗಿ ಕೇಳಿಸುತ್ತದೆ. ಜವಾನನೊಬ್ಬ ಗಾಯಗೊಂಡರೆ 'ಕ್ಯಾಶುಯಲ್ಟಿ'. ಅವನಿಗೆ ಮದುವೆಯಾದರೂ ಕ್ಯಾಶುಯಲ್ಟಿ. ಮಗು ಹುಟ್ಟಿದರೆ, ರಜೆಗೆ ಹೋದರೆ, ಪದಕ ಬಂದರೆ, ಎಲ್ಲವೂ ಕ್ಯಾಶುಯಲ್ಟಿಯೇ. ಅವನ ಬದುಕಿನಲ್ಲಿ ಏನೇ ಆಗಲಿ, ಅದನ್ನು ಪಾರ್ಟ್ ಟೂ ಆರ್ಡರಿನಲ್ಲಿ ಬರೆದು ರೆಕಾರ್ಡ್ ಆಫೀಸಿಗೆ ಕಳಿಸಬೇಕು. ಕಳಿಸಿದರೆ ಆಯಿತು. ಕಳಿಸದೇ ಬಿಟ್ಟರೆ, ಕಾಗದದ ಲೆಕ್ಕದಲ್ಲಿ ಅದು ನಡೆದೇ ಇಲ್ಲ.

ನಿವೃತ್ತಿಯಾದರೂ ಕಾಗದ ಓದುವ ಅಭ್ಯಾಸ ಹೋಗಿಲ್ಲ. ಕೆಲವು ತಿಂಗಳಿಂದ ಅಮೆರಿಕದ ಮಾಜಿ ಸೈನಿಕರ ಅರ್ಜಿಗಳ ಬಗ್ಗೆ ಓದುತ್ತಿದ್ದೇನೆ. ಅಲ್ಲಿ ಸೇನಾ ದಾಖಲೆ ತಿದ್ದುವುದಕ್ಕೆಂದೇ ಮಂಡಳಿಗಳಿವೆ. ಭೂಸೇನೆಗೆ ಒಂದು, ನೌಕಾಪಡೆಗೆ ಒಂದು, ವಾಯುಪಡೆಗೆ ಒಂದು. ತೀರ್ಮಾನ ಮಾಡುವವರು ಸಮವಸ್ತ್ರದವರಲ್ಲ, ನಾಗರಿಕರು. ಅವರ ತೀರ್ಮಾನಗಳನ್ನು ಅರ್ಜಿದಾರರ ಹೆಸರು ಅಳಿಸಿ ಸಾರ್ವಜನಿಕರು ಓದಲು ಇಟ್ಟಿದ್ದಾರೆ. ಅವುಗಳಲ್ಲಿ ಒಂದು ಬಗೆಯ ಅರ್ಜಿ ಮತ್ತೆ ಮತ್ತೆ ಬರುತ್ತದೆ. ನಾನು ಯುದ್ಧದಲ್ಲಿ ಇದ್ದೆ. ಅದಕ್ಕೆ ಸಿಗಬೇಕಾದ ಬ್ಯಾಡ್ಜು, ಪದಕ ನನ್ನ ಕಾಗದದಲ್ಲಿಲ್ಲ. ದಯವಿಟ್ಟು ಸೇರಿಸಿ. ಬರೆದವರಲ್ಲಿ ಎಷ್ಟೋ ಜನ ಅಜ್ಜಂದಿರು. ಅವರು ಕೇಳುತ್ತಿರುವುದು ಒಂದೇ ಒಂದು ಸಾಲು.

ಆ ಸಾಲು ಇರಬೇಕಾದ ಜಾಗ ಯಾವುದು ಎಂದು ಹೇಳುತ್ತೇನೆ. ಅಲ್ಲಿ ಸೈನ್ಯ ಬಿಡುವಾಗ ಕೈಗೆ ಕೊಡುವ ಕಾಗದಕ್ಕೆ ಡಿಡಿ 214 ಎಂದು ಹೆಸರು. ನಮ್ಮ ಡಿಸ್ಚಾರ್ಜ್ ಬುಕ್ ಇದ್ದ ಹಾಗೆ. ಈಗಿನ ನಮೂನೆಯಲ್ಲಿ 13ನೇ ಕಾಲಂ ಪದಕ, ಬ್ಯಾಡ್ಜು, ರಿಬ್ಬನ್‌ಗಳಿಗೆ ಮೀಸಲು.

ಆ ಕಾಲಂ ಯಾಕೆ ಖಾಲಿ ಉಳಿಯುತ್ತದೆ ಎಂದು ಕ್ಲರ್ಕ್ ಆಗಿದ್ದವನಿಗೆ ಚೆನ್ನಾಗಿ ಗೊತ್ತಾಗುತ್ತದೆ. ವಿಯೆಟ್ನಾಂ ಯುದ್ಧದ ಕಾಲವನ್ನೇ ನೋಡಿ. ಆಗ ಸೈನಿಕರನ್ನು ಸಾಮಾನ್ಯವಾಗಿ ಒಂದೊಂದು ವರ್ಷಕ್ಕೆ, ಒಬ್ಬೊಬ್ಬರನ್ನಾಗಿ ಕಳಿಸುತ್ತಿದ್ದರು. ಪಲ್ಟಣವೆಲ್ಲ ಒಟ್ಟಿಗೆ ಹೋಗಿ ಒಟ್ಟಿಗೆ ಬರುವುದು ಕಡಿಮೆ. ವರ್ಷ ಮುಗಿಸಿದ ಹುಡುಗ ವಿಮಾನ ಹತ್ತಿ ಬಂದು ಕ್ಯಾಲಿಫೋರ್ನಿಯಾದ ಓಕ್ಲೆಂಡ್ ಸೇನಾ ನೆಲೆಯಂಥ ಕಡೆ ತಲುಪುತ್ತಿದ್ದ. ಅಲ್ಲಿ ಸ್ನಾನ, ಹೊಸ ಯೂನಿಫಾರಂ, ಒಂದು ಒಳ್ಳೆಯ ಊಟ, ನಾಲ್ಕಾರು ಸಹಿ. ಎಷ್ಟೋ ಜನರಿಗೆ ಒಂದೇ ದಿನದಲ್ಲಿ ಕೆಲಸ ಮುಗಿಯುತ್ತಿತ್ತು. ಇಪ್ಪತ್ತೋ ಇಪ್ಪತ್ತೊಂದೋ ವಯಸ್ಸಿನ ಹುಡುಗ. ಅಮ್ಮನ ಮುಖ ನೋಡುವ ಆತುರ. ಅವನು ಕೂತು ಕಾಲಂ ಕಾಲಂ ಓದುತ್ತಾನೆಯೇ? ಟೈಪ್ ಮಾಡಿದ ಕ್ಲರ್ಕ್ ಅವನ ಯುದ್ಧವನ್ನು ಕಂಡವನಲ್ಲ. ಫೈಲಿನಲ್ಲಿ ಇದ್ದದ್ದನ್ನು ಬರೆದ. ಇಲ್ಲದ್ದನ್ನು ಬರೆಯಲಿಲ್ಲ. ನಾನಾಗಿದ್ದರೂ ಅಷ್ಟೇ ಮಾಡುತ್ತಿದ್ದೆ.

ಮತ್ತೆ ಆ ಕಾಗದ ನೆನಪಾಗುವುದು ಯಾವಾಗಲೋ. ಮೊಮ್ಮಗಳು ಶಾಲೆಯ ಪಾಠಕ್ಕೆಂದು ಕೇಳಿದಾಗ ಇರಬಹುದು. ಆಸ್ಪತ್ರೆಗೆ ಹೋದಾಗ ಇರಬಹುದು. ಏಕೆಂದರೆ ಈ ಸಾಲಿಗೆ ಬರೀ ಗೌರವದ ಬೆಲೆಯಲ್ಲ, ಬೇರೆ ಬೆಲೆಯೂ ಇದೆ. ಗಾಯಗೊಂಡವರಿಗೆ ಕೊಡುವ ಪರ್ಪಲ್ ಹಾರ್ಟ್ ಪದಕ ದಾಖಲೆಯಲ್ಲಿದ್ದರೆ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ಮೇಲಿನ ಆದ್ಯತೆ ಸಿಗುತ್ತದೆ. ಯುದ್ಧದ ಆಘಾತದಿಂದ ಇವತ್ತಿಗೂ ನಿದ್ದೆ ಬಾರದವನು ಪರಿಹಾರ ಕೇಳಿದಾಗ, ಅವನು ನಿಜವಾಗಿ ಕಾಳಗದಲ್ಲಿ ಇದ್ದ ಎನ್ನುವುದಕ್ಕೆ ಈ ಬ್ಯಾಡ್ಜುಗಳೇ ಗಟ್ಟಿ ಸಾಕ್ಷಿ. ಬ್ಯಾಡ್ಜು ಇಲ್ಲದವನು ತನ್ನ ಕೆಟ್ಟ ಕನಸಿಗೂ ಪುರಾವೆ ಹುಡುಕಬೇಕು.

ಹಾಗಾಗಿ ಅರ್ಜಿ. ಅದಕ್ಕೆ ಡಿಡಿ 149 ಎಂಬ ನಮೂನೆ. ತಪ್ಪು ಗೊತ್ತಾದ 3 ವರ್ಷದೊಳಗೆ ಹಾಕಬೇಕು. ತಡವಾದರೆ ನ್ಯಾಯದ ದೃಷ್ಟಿಯಿಂದ ಮಂಡಳಿ ಮನ್ನಿಸಬಹುದು. ದೊಡ್ಡ ಕಷ್ಟ ಅದಲ್ಲ. ಸೇನೆ ತನ್ನ ಕೆಲಸ ಸರಿಯಾಗಿಯೇ ಮಾಡಿದೆ ಎಂಬ ನಂಬಿಕೆಯಿಂದ ಮಂಡಳಿ ಶುರು ಮಾಡುತ್ತದೆ. ತಪ್ಪಾಗಿದೆ ಎಂದು ತೋರಿಸುವ ಹೊಣೆ ಅರ್ಜಿದಾರನದು. ಐವತ್ತು ವರ್ಷದ ಹಿಂದೆ ಕಾಡಿನಲ್ಲಿ ಒಂದು ರಾತ್ರಿ ನಡೆದದ್ದನ್ನು ಅವನು ಈಗ ಕಾಗದದಲ್ಲಿ ತೋರಿಸಬೇಕು.

ಇನ್ನು ನಿಯಮದ ಮಾತು. ಪದಾತಿ ಸೈನಿಕನಿಗೆ ಕೊಡುವ ಕಾಂಬ್ಯಾಟ್ ಇನ್‌ಫೆಂಟ್ರಿಮನ್ ಬ್ಯಾಡ್ಜ್ ಶುರುವಾದದ್ದು 1943ರಲ್ಲಿ. ನೀಲಿ ಪಟ್ಟಿಯ ಮೇಲೆ ಹಳೆಯ ಕಾಲದ ಒಂದು ಬಂದೂಕು, ಸುತ್ತ ಎಲೆಗಳ ಮಾಲೆ. ಬಹಳ ಜನ ಇದನ್ನು ಎದೆಯ ಮೇಲಿನ ಬೇರೆ ಎಲ್ಲ ಪದಕಕ್ಕಿಂತ ಹೆಚ್ಚಾಗಿ ಕಾಣುತ್ತಾರೆ. ವೈದ್ಯಕೀಯ ಸಹಾಯಕರಿಗೆ 1945ರಲ್ಲಿ ಬೇರೆ ಬ್ಯಾಡ್ಜು ಬಂತು. ಹಾಗಾದರೆ ವಿಯೆಟ್ನಾಂನಲ್ಲಿ ಲಾರಿ ಓಡಿಸಿದವನು? ದಾರಿಯಲ್ಲಿ ಹೊಂಚು ಹಾಕಿ ಗುಂಡು ಹಾರಿಸಿದಾಗ ಅವನೂ ತಿರುಗಿ ಹಾರಿಸಿದ್ದಾನೆ. ಗುಡ್ಡದ ಮೇಲಿನ ಫಿರಂಗಿ ನೆಲೆಗೆ ರಾತ್ರಿ ಶತ್ರು ನುಗ್ಗಿದಾಗ ಫಿರಂಗಿಯವನೂ ಕೈಗೆ ಸಿಕ್ಕಿದ ಬಂದೂಕು ಹಿಡಿದಿದ್ದಾನೆ. ಅವರಿಗೆ ಆ ನೀಲಿ ಬ್ಯಾಡ್ಜು ಇಲ್ಲ. ಬೇರೆ ವಿಭಾಗದವರಿಗೂ ಸಿಗುವ ಕಾಂಬ್ಯಾಟ್ ಆಕ್ಷನ್ ಬ್ಯಾಡ್ಜ್ ಬಂದದ್ದು 2005ರಲ್ಲಿ. ಅದೂ 2001ರ ಸೆಪ್ಟೆಂಬರ್ 18ರಿಂದ ಈಚಿನ ಕಾಳಗಗಳಿಗೆ ಮಾತ್ರ. ವಿಯೆಟ್ನಾಂನ ಲಾರಿ ಡ್ರೈವರ್ ಅರ್ಜಿ ಹಾಕಿದರೆ ಮಂಡಳಿ ಮರ್ಯಾದೆಯಿಂದ ನಿಮ್ಮ ಸೇವೆ ದೊಡ್ಡದು ಎನ್ನುತ್ತದೆ, ಆಮೇಲೆ ನಿಯಮ ಇಲ್ಲ ಎನ್ನುತ್ತದೆ. ಇದು ನನಗೆ ಸರಿ ಕಾಣುವುದಿಲ್ಲ. ನೌಕಾಪಡೆಯ ಇಂಥದ್ದೇ ರಿಬ್ಬನ್ನನ್ನು ಎರಡನೇ ಮಹಾಯುದ್ಧದವರೆಗೂ ಹಿಂದಕ್ಕೆ ಒಯ್ದಿದ್ದಾರೆ, ಅಲ್ವಾ? ಭೂಸೇನೆಯವರ ವಿಷಯದಲ್ಲಿ ಯಾಕೆ ಆಗಬಾರದು?

ಕಾಗದವೇ ಸುಟ್ಟುಹೋದವರ ಕತೆ ಇನ್ನೊಂದು. 1973ರ ಜುಲೈ 12. ಮಿಸೌರಿ ರಾಜ್ಯದ ಸೇಂಟ್ ಲೂಯಿಸ್ ಪಕ್ಕದ ಓವರ್‌ಲ್ಯಾಂಡ್ ಎಂಬಲ್ಲಿ ಸೈನಿಕರ ದಾಖಲೆಗಳ ರಾಷ್ಟ್ರೀಯ ಕೇಂದ್ರ. ಅದರ ಆರನೇ ಮಹಡಿಗೆ ಬೆಂಕಿ ಬಿತ್ತು. ಪೂರ್ತಿ ಆರಲು ನಾಲ್ಕು ದಿನಕ್ಕಿಂತ ಜಾಸ್ತಿ ಹಿಡಿಯಿತು. 1 ಕೋಟಿ 60 ಲಕ್ಷದಿಂದ 1 ಕೋಟಿ 80 ಲಕ್ಷದವರೆಗೆ ಫೈಲುಗಳು ಹೋದವು. 1912ರಿಂದ 1960ರೊಳಗೆ ಭೂಸೇನೆ ಬಿಟ್ಟವರ ಫೈಲುಗಳಲ್ಲಿ ನೂರಕ್ಕೆ 80. ಅವುಗಳಿಗೆ ಎರಡನೇ ಪ್ರತಿ ಇರಲಿಲ್ಲ. ಮೈಕ್ರೋಫಿಲ್ಮ್ ಇರಲಿಲ್ಲ. ಯಾರ ಯಾರ ಫೈಲಿತ್ತು ಎಂಬ ಪಟ್ಟಿ ಕೂಡ ಇರಲಿಲ್ಲ. ಅರ್ಧ ಸುಟ್ಟು ನೀರಿನಲ್ಲಿ ನೆಂದ ಫೈಲುಗಳನ್ನು ಹೆಕ್ಕಿ ತಂದು, ಬಾಹ್ಯಾಕಾಶ ಕೆಲಸಕ್ಕೆಂದು ಕಟ್ಟಿದ್ದ ನಿರ್ವಾತ ಕೋಣೆಯಲ್ಲಿ ಒಣಗಿಸಿದರು. ಅಂಚು ಕರಕಲಾದ ಆ ಹಾಳೆಗಳನ್ನು ಇವತ್ತಿಗೂ ಕೈಗವಸು ಹಾಕಿಕೊಂಡು ತೆರೆಯುವವರಿದ್ದಾರೆ.

ಆದರೆ ಒಂದು ಬಗೆಯ ಕಾಗದ ಬೇರೆ ಇತ್ತು, ಉಳಿಯಿತು. ಅದಕ್ಕೆ ಮಾರ್ನಿಂಗ್ ರಿಪೋರ್ಟ್ ಎನ್ನುತ್ತಿದ್ದರು. ಪ್ರತಿ ಕಂಪನಿಯ ಕ್ಲರ್ಕ್ ದಿನಾ ಬರೆಯುತ್ತಿದ್ದ. ಇಂಥವನು ಗಾಯಗೊಂಡ, ಇಂಥವನು ಆಸ್ಪತ್ರೆಗೆ ಹೋದ, ಇಂಥವನು ಹೊಸದಾಗಿ ಸೇರಿದ. ಎಲ್ಲರೂ ಇದ್ದಾರಾದರೆ ಬದಲಾವಣೆ ಇಲ್ಲ ಎಂದು ಒಂದು ಮಾತು. ಬೇಸರದ ಕೆಲಸ, ನಾನು ಬಲ್ಲೆ. ಯಾವುದೋ ಡೇರೆಯಲ್ಲಿ, ಮಳೆಯಲ್ಲಿ, ಒಬ್ಬ ಹುಡುಗ ಹೆಸರಿನ ಅಕ್ಷರ ಸರಿಯಾಗಿದೆಯೇ ಎಂದು ನೋಡಿ ಟೈಪ್ ಮಾಡಿದ್ದು, ಎಷ್ಟೋ ವರ್ಷದ ಮೇಲೆ ಇನ್ನೊಬ್ಬನ ಪದಕಕ್ಕೆ ಆಧಾರವಾಗಿದೆ. ಇದನ್ನು ಓದಿದ ದಿನ ನನಗೆ ಕಣ್ಣು ತುಂಬಿ ಬಂತು.

ಕೆಲವು ಕಾಗದಗಳು ಸುಡದೆಯೂ ಕಾಣೆಯಾಗುತ್ತವೆ. ಪ್ಯಾರಿಸ್ ಡೇವಿಸ್ ಅವರ ವಿಷಯ ಕೇಳಿ. ಅಮೆರಿಕದ ವಿಶೇಷ ಪಡೆಯ ಕಪ್ಪು ಅಧಿಕಾರಿ, ಆಗ ಕ್ಯಾಪ್ಟನ್. 1965ರ ಜೂನ್‌ನಲ್ಲಿ ದಕ್ಷಿಣ ವಿಯೆಟ್ನಾಂನ ಬಾಂಗ್ ಸಾನ್ ಹತ್ತಿರ ಅವರ ತಂಡ ದೊಡ್ಡ ಶತ್ರು ಪಡೆಯ ನಡುವೆ ಸಿಕ್ಕಿಕೊಂಡಿತು. ಸುಮಾರು 19 ಗಂಟೆ ಕಾಳಗ. ಗ್ರೆನೇಡ್ ಸಿಡಿದು ಕೈಬೆರಳು ತುಂಡಾದಾಗ ಡೇವಿಸ್ ಕಿರುಬೆರಳಿನಿಂದ ಟ್ರಿಗರ್ ಎಳೆದರು. ಹಿಂದೆ ಬರಲು ಮೇಲಿನಿಂದ ಆದೇಶ ಬಂತು. ತಮ್ಮವರು ಇನ್ನೂ ಗದ್ದೆಯಲ್ಲಿ ಬಿದ್ದಿದ್ದಾರೆ, ಅವರನ್ನು ಬಿಟ್ಟು ಬರುವುದಿಲ್ಲ ಎಂದರು. ಮತ್ತೆ ಮತ್ತೆ ಗುಂಡಿನ ನಡುವೆ ಹೋಗಿ ತಮ್ಮವರನ್ನು ಎಳೆದು ತಂದರು. ಹಾಗೆ ಉಳಿದವರಲ್ಲಿ ಬಿಲ್ಲಿ ವಾ ಒಬ್ಬರು.

ಮೇಲಧಿಕಾರಿ ಅಮೆರಿಕದ ಅತಿ ದೊಡ್ಡ ಶೌರ್ಯ ಪದಕವಾದ ಮೆಡಲ್ ಆಫ್ ಆನರ್‌ಗೆ ಶಿಫಾರಸು ಕಳಿಸಿದರು. ಅದು ಎಲ್ಲಿ ಹೋಯಿತೋ ಯಾರಿಗೂ ಗೊತ್ತಿಲ್ಲ. ಡೇವಿಸ್ ಅವರಿಗೆ ಸಿಕ್ಕಿದ್ದು ಅದಕ್ಕಿಂತ ಕೆಳಗಿನ ಸಿಲ್ವರ್ ಸ್ಟಾರ್. 1969ರಲ್ಲಿ ವಿಚಾರಣೆ ಮಾಡಿದರೆ ಫೈಲೇ ಇಲ್ಲ. ಮತ್ತೆ ಕಳಿಸಿ ಎಂದರು. ಆ ಎರಡನೆಯದೂ ಸಿಗಲಿಲ್ಲ. ಇದಕ್ಕೆ ಬಣ್ಣವೇ ಕಾರಣ ಎಂದು ಅವರ ಜೊತೆಗಾರರಲ್ಲಿ ಕೆಲವರು ನಂಬಿದ್ದರು. ಕ್ಲರ್ಕ್ ಆಗಿದ್ದವನಾಗಿ ನಾನು ಇಷ್ಟು ಹೇಳಬಲ್ಲೆ. ಕಾಗದ ಒಮ್ಮೆ ಕಳೆದರೆ ಕೈತಪ್ಪು ಎನ್ನಬಹುದು. ಅದೇ ಮನುಷ್ಯನ ಅದೇ ಕಾಗದ ಎರಡು ಸಲ ಕಳೆದರೆ ಆ ಮಾತು ನಾಲಿಗೆಗೆ ಬರುವುದಿಲ್ಲ.

ಬಿಲ್ಲಿ ವಾ ಸುಮ್ನೆ ಕೂರಲಿಲ್ಲ. 1981ರಲ್ಲಿ ತಾವು ಕಂಡದ್ದನ್ನು ಬರೆದುಕೊಟ್ಟರು. ಆಮೇಲೆ ಕೆಲವು ಜನ ಸ್ವಂತ ಆಸಕ್ತಿಯಿಂದ ಸಾಕ್ಷಿಗಳನ್ನು ಕೂಡಿಸಿ ಫೈಲನ್ನು ಹೊಸದಾಗಿ ಕಟ್ಟಿದರು. 2023ರ ಮಾರ್ಚ್ 3ರಂದು ಶ್ವೇತಭವನದಲ್ಲಿ ಅಧ್ಯಕ್ಷ ಬೈಡನ್ ಆ ಪದಕವನ್ನು ಡೇವಿಸ್ ಅವರ ಕೊರಳಿಗೆ ಹಾಕಿದರು. ಕಾಳಗವಾಗಿ ಸುಮಾರು 58 ವರ್ಷ. ಅದಾದ ತಿಂಗಳಿಗೆ ಬಿಲ್ಲಿ ವಾ ತೀರಿಕೊಂಡರು. ತನ್ನನ್ನು ಹೊತ್ತು ತಂದವನ ಕೊರಳಲ್ಲಿ ಪದಕ ಬಿದ್ದ ಸುದ್ದಿ ಅವರಿಗೆ ಸಿಕ್ಕಿತಲ್ಲ, ಅದೊಂದು ಸಮಾಧಾನ.

ವೇವರ್ಲಿ ವುಡ್ಸನ್ ಅವರಿಗೆ ಅಷ್ಟು ಕಾಲ ಸಿಗಲಿಲ್ಲ. ಅವರೂ ಕಪ್ಪು ಸೈನಿಕ, ವೈದ್ಯಕೀಯ ಸಹಾಯಕ. 1944ರ ಜೂನ್ 6ರಂದು ಫ್ರಾನ್ಸಿನ ನಾರ್ಮಂಡಿಯ ಓಮಾಹಾ ಕಡಲತೀರದಲ್ಲಿ ತಮಗೇ ಗಾಯವಾಗಿದ್ದರೂ 30 ಗಂಟೆಗಳ ಕಾಲ ಗಾಯಾಳುಗಳ ಆರೈಕೆ ಮಾಡಿದರು. ಆ ಸೇಂಟ್ ಲೂಯಿಸ್ ಬೆಂಕಿಯಲ್ಲಿ ಅವರ ಫೈಲೂ ಹೋಗಿತ್ತು. 2005ರಲ್ಲಿ ತೀರಿಕೊಂಡರು. ಹೆಂಡತಿ ಜೋಆನ್ ಕೇಳುತ್ತಲೇ ಇದ್ದರು. 2024ರಲ್ಲಿ, ಗಂಡ ಹೋಗಿ 19 ವರ್ಷದ ಮೇಲೆ, ಡಿಸ್ಟಿಂಗ್ವಿಶ್ಡ್ ಸರ್ವಿಸ್ ಕ್ರಾಸ್ ಬಂತು. ಮೆಡಲ್ ಆಫ್ ಆನರ್‌ಗೆ ಅದು ಒಂದು ಮೆಟ್ಟಿಲು ಕೆಳಗೆ.

ಇಷ್ಟು ದೂರದ ಮಾತು ನಮಗೇಕೆ ಎಂದು ನೀವು ಕೇಳಬಹುದು. ನಮ್ಮ ಕೊಡಗಿನಲ್ಲಿ, ಬೆಳಗಾವಿ ಕಡೆ, ಎಷ್ಟೋ ಮನೆಗಳ ಟ್ರಂಕಿನಲ್ಲಿ ಒಂದು ಡಿಸ್ಚಾರ್ಜ್ ಬುಕ್ ಇದೆ. 1971ರ ಯುದ್ಧದಲ್ಲಿ ಪೂರ್ವದಲ್ಲಿದ್ದವರಿಗೆ ಪೂರ್ವಿ ಸ್ಟಾರ್, ಪಶ್ಚಿಮದಲ್ಲಿದ್ದವರಿಗೆ ಪಶ್ಚಿಮಿ ಸ್ಟಾರ್ ಎಂದು ಇತ್ತು. ಆ ಸಾಲು ಬುಕ್ಕಿನಲ್ಲಿ ಇದೆಯೇ? ಆಗಿನ ಹುಡುಗರಿಗೆ ಈಗ ಎಪ್ಪತ್ತು ದಾಟಿದೆ. ಜೊತೆಯಲ್ಲಿದ್ದವರು ಇನ್ನೂ ನಾಲ್ಕು ಜನ ಇರುವಾಗಲೇ ನೋಡಿಕೊಳ್ಳಿ. ಊರಿಗೆ ಬರೆದ ಹಳೇ ಕಾಗದ, ಇನ್‌ಲ್ಯಾಂಡ್ ಲೆಟರ್, ಹಿಂದೆ ತಾರೀಖು ಬರೆದ ಫೋಟೋ ಇದ್ದರೆ ಬಿಸಾಡಬೇಡಿ. ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಗೆ ಹೋಗಿ ಕೇಳಿ. ಬರೆಯಲು ಬಾರದಿದ್ದರೆ ಬರುವವರ ಕೈಯಲ್ಲಿ ಬರೆಸಿ.

ಕೊನೆಯದಾಗಿ ನನ್ನದೇ ಒಂದು ವಿಷಯ. ಕೆಲವು ವರ್ಷದ ಹಿಂದೆ ಒಬ್ಬರು ನನ್ನ ಮನೆ ಹುಡುಕಿಕೊಂಡು ಬಂದರು. ಯಾವ ಪಲ್ಟಣ, ಯಾವ ಊರು ಎಂದು ಹೇಳುವುದಿಲ್ಲ. ಗಡಿಯಲ್ಲಿ ಶೆಲ್ ಬಿದ್ದಾಗ ಅವರ ತೊಡೆಗೆ ಚೂರು ಹೊಕ್ಕಿತ್ತು. ಬುಕ್ಕಿನಲ್ಲಿ ಗಾಯದ ಮಾತೇ ಇಲ್ಲ. 'ಸಾಹೇಬ್ರೇ, ಆಗ ಆಫೀಸಿನಲ್ಲಿ ನೀವೇ ಇದ್ರಿ ಅಲ್ವಾ' ಎಂದರು. ಸಿಟ್ಟು ಇರಲಿಲ್ಲ ಆ ದನಿಯಲ್ಲಿ. ಆ ದಿನ ಅವರನ್ನು ಸ್ಟ್ರೆಚರಿನಲ್ಲಿ ತಂದದ್ದು ನನಗೆ ನೆನಪಿತ್ತು. ಅದನ್ನು ಬರೆದು ಕಳಿಸಿದೆನೋ ಇಲ್ಲವೋ, ಅದು ಮಾತ್ರ ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ.

ಅವತ್ತೇ ಕೂತು ಸಾಕ್ಷಿ ಪತ್ರ ಬರೆದೆ. ನಾನು ಕಂಡದ್ದು, ಕಂಡ ಜಾಗ, ಯಾರ ಯಾರ ಜೊತೆಗಿದ್ದೆ ಎಂಬುದು. ನೋಟರಿ ಸಹಿ ಹಾಕಿಸಿ, ಇಬ್ಬರೂ ಹೋಗಿ ರಿಜಿಸ್ಟರ್ಡ್ ಪೋಸ್ಟ್ ಮಾಡಿದೆವು. ಅದರ ರಸೀದಿ ನನ್ನ ಹತ್ತಿರವೇ ಇದೆ. ಉತ್ತರ ಬಂದಿಲ್ಲ. ಈ ತಿಂಗಳು ಮತ್ತೆ ಬರೆಯುತ್ತೇವೆ.

ನಮಸ್ಕಾರ.