ಬ್ಯಾಟರಿ ಹೊರಗಿರಲಿ

ಕೇಳುಗರಿಗೆಲ್ಲ ನಮಸ್ಕಾರ. ಮೈಯೊಳಗೆ ಯಂತ್ರ ಇಟ್ಟರೆ ಅದಕ್ಕೆ ಕರೆಂಟ್ ಎಲ್ಲಿಂದ ಬರಬೇಕು? ಹೃದಯದ ಬಡಿತ ಕಾಯುವ ಪೇಸ್‌ಮೇಕರ್ ತನ್ನ ಬ್ಯಾಟರಿಯನ್ನು ಹೊತ್ತುಕೊಂಡೇ ಎದೆಯೊಳಗೆ ಕೂರುತ್ತದೆ. ವರ್ಷಗಳು ಕಳೆದು ಬ್ಯಾಟರಿ ಇಳಿದರೆ ಮತ್ತೆ ಕೊಯ್ದು ಪೆಟ್ಟಿಗೆಯನ್ನೇ ಬದಲಿಸಬೇಕು. ಯಂತ್ರ ಸಣ್ಣದಾಗಲಿ ಅಂದರೆ ಜಾಗ ತಿನ್ನುವುದೂ ಆ ಬ್ಯಾಟರಿಯೇ. ಅದಕ್ಕೇ ನನ್ನದು ಒಂದೇ ಮಾತು: ಬ್ಯಾಟರಿ ಹೊರಗಿರಲಿ, ಕರೆಂಟ್ ಒಳಗೆ ಹೋಗಲಿ.

ಹೋಗುತ್ತದೆಯೇ? ಧಾರಾಳವಾಗಿ. 1831ರಲ್ಲಿ ಮೈಕೆಲ್ ಫ್ಯಾರಡೆ ತೋರಿಸಿದ್ದು ಇದನ್ನೇ. ಒಂದು ತಂತಿಸುರುಳಿಯಲ್ಲಿ ಕರೆಂಟ್ ಏರಿಳಿದರೆ, ಅದನ್ನು ಮುಟ್ಟದೆ ಪಕ್ಕದಲ್ಲಿರುವ ಸುರುಳಿಯಲ್ಲೂ ಕರೆಂಟ್ ಹುಟ್ಟುತ್ತದೆ. ನಿಮ್ಮೂರ ಟಿ.ಸಿ.ಯೊಳಗೆ, ಅಂದರೆ ಕರೆಂಟಿನ ಟ್ರಾನ್ಸ್‌ಫಾರ್ಮರಿನೊಳಗೆ, ನಡೆಯುವುದೂ ಇದೇ.

ಮಾನ್ವಿ ಕಡೆಯ ಒಂದು ಶಾಲೆಗೆ ಇದನ್ನು ತೋರಿಸಲು ಹೋಗಿದ್ದೆ. ಮೇಜಿನ ಮೇಲೆ ಒಂದು ಸುರುಳಿ, ಅದರ ಮೇಲೆ ಒಬ್ಬ ಹುಡುಗಿಯ ಕೈ, ಕೈಯ ಮೇಲೆ ಎಲ್‌ಇಡಿ ಬೆಸೆದ ಇನ್ನೊಂದು ಪುಟ್ಟ ಸುರುಳಿ. ಸ್ವಿಚ್ ಹಾಕಿದೆ, ಕೆಂಪು ದೀಪ ಹತ್ತಿತು. ಹುಡುಗಿ ಅಲ್ಲಾಡಲಿಲ್ಲ. ಬಾಗಿಲಲ್ಲಿ ನಿಂತಿದ್ದ ಅವಳ ಅಜ್ಜ ಹೌಹಾರಿ, "ಏ, ಶಾಕ್ ಹೊಡೀತದ, ಕೈ ತೆಗಿಯವ್ವಾ!" ಎಂದರು. ಅವರನ್ನೇ ಕರೆದು ಅವರ ಕೈ ಇಡಿಸಿದೆ. ಸ್ವಲ್ಪ ಹೊತ್ತು ದೀಪ ನೋಡಿ ಕೇಳಿದರು: "ಅಲ್ರೀ ಸರ, ಹಿಂಗ ಬರೋದಾದ್ರ ನಮ್ಮ ಹೊಲದ ಮೋಟರಿಗೂ ತಂತಿ ಇಲ್ದ ಕೊಡಬಾರದೇನ್ರಿ? ಕೇಬಲ್ ಕಳವಿನ ಚಿಂತಿನೂ ತಪ್ಪತದ." ಮಕ್ಕಳು ನಕ್ಕರು. ಪ್ರಶ್ನೆ ಮಾತ್ರ ಬಲು ಚೊಕ್ಕ. ಪುಟ್ಟ ಸುರುಳಿಯನ್ನು ಮೆಲ್ಲಗೆ ಮೇಲೆತ್ತಿದೆ. ನಾಲ್ಕು ಬೆರಳು ಎತ್ತುವಷ್ಟರಲ್ಲಿ ದೀಪ ಮಂಕಾಯಿತು, ಗೇಣು ಎತ್ತಿದಾಗ ಆರಿತು. 5 ಎಚ್‌ಪಿ ಮೋಟರಿಗೆ ಸುಮಾರು 3,700 ವ್ಯಾಟ್ ಬೇಕು; ಪೇಸ್‌ಮೇಕರಿಗೆ ಒಂದು ವ್ಯಾಟಿನ ಲಕ್ಷದಲ್ಲೊಂದು ಪಾಲಿನ ಆಸುಪಾಸು ಸಾಕು ಎಂದೆ. "ಅಂದ್ರ ಎದಿಗೆ ಬರ್ತದ, ಹೊಲಕ್ಕ ಬರಂಗಿಲ್ಲ ಅನ್ರಿ" ಎಂದರು ಅಜ್ಜ. ನನ್ನ ಕಾಲೇಜಿನ ಹುಡುಗರು ಪರೀಕ್ಷೆಯಲ್ಲಿ ಇಷ್ಟು ಚೆನ್ನಾಗಿ ಬರೆದರೆ ನೂರಕ್ಕೆ ನೂರು ಕೊಟ್ಟೇನು.

ಅಜ್ಜನ ಕಥೆಯಲ್ಲೇ ಹೊತ್ತು ಹೋಯಿತು, ಉಳಿದದ್ದು ಬೇಗ ಹೇಳುತ್ತೇನೆ. ಕಿವಿ ಕೇಳದ ಮಕ್ಕಳಿಗೆ ಹಾಕುವ ಕಾಕ್ಲಿಯರ್ ಇಂಪ್ಲಾಂಟ್ ನೋಡಿದ್ದೀರಲ್ಲ? ಕಿವಿಯ ಹಿಂದೆ ಅಯಸ್ಕಾಂತದಿಂದ ಅಂಟಿಕೊಂಡ ಒಂದು ಬಿಲ್ಲೆ. ಅದರ ಸುರುಳಿಯಿಂದ ಚರ್ಮದಡಿಯ ಸುರುಳಿಗೆ ಶಬ್ದದ ಸಂಕೇತವೂ ಕರೆಂಟೂ ಒಟ್ಟಿಗೇ ದಾಟುತ್ತವೆ. ಬ್ಯಾಟರಿ ಹೊರಗೆ! ಮುಗಿದರೆ ತಾಯಿಯೇ ಮನೆಯಲ್ಲಿ ಬದಲಿಸುತ್ತಾಳೆ. ಅಷ್ಟೇಕೆ, 1958ರಲ್ಲಿ ಸ್ವೀಡನ್ನಿನಲ್ಲಿ ಮನುಷ್ಯನ ಮೈಯೊಳಗೆ ಇಟ್ಟ ಮೊದಲ ಪೇಸ್‌ಮೇಕರನ್ನೂ ಹೊರಗಿನ ಸುರುಳಿಯಿಂದಲೇ ಚಾರ್ಜ್ ಮಾಡುವಂತೆ ಕಟ್ಟಿದ್ದರು.

ಸುರುಳಿ ತೀರಾ ಚಿಕ್ಕದಾಗಿ, ಆಳಕ್ಕೂ ಇಳಿದರೆ ಅದಕ್ಕೆ ಸಿಗುವ ಕರೆಂಟ್ ಸಾಲದು. ಹೆಚ್ಚು ಸಿಗಲೆಂದು ರೇಡಿಯೊ ಅಲೆಯ ಆವರ್ತನ, ಅಂದರೆ ಸೆಕೆಂಡಿಗೆ ಅದು ಏರಿಳಿಯುವ ಸಲ, ಏರಿಸುತ್ತ ಹೋದರೆ ಮೈಯೇ ಅದನ್ನು ಹೀರಿ ಬಿಸಿಯಾಗುತ್ತದೆ. ಅಲ್ಲಿ ಕೈಹಿಡಿಯುವುದು ಅಲ್ಟ್ರಾಸೌಂಡ್, ಅಂದರೆ ಕಿವಿಗೆ ಕೇಳದ ಶಬ್ದದ ಅಲೆ; ಬಸುರಿಯರ ಸ್ಕ್ಯಾನಿಂಗಿಗೆ ಬಳಸುತ್ತಾರಲ್ಲ, ಅದೇ. 2016ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಇಲಿಯ ನರದ ಮೇಲಿಟ್ಟ ಸುಮಾರು 3 ಮಿಲಿಮೀಟರ್ ಉದ್ದದ ಸಾಧನಕ್ಕೆ ಹೀಗೆಯೇ ಶಕ್ತಿ ಕೊಟ್ಟರು. ಬರ್ಕ್ಲಿಯದು ಪ್ರಯೋಗಾಲಯದ ಮಾತು. ನಾಳೆ ಬೆಳಿಗ್ಗೆಯೇ ಆಸ್ಪತ್ರೆಗೆ ಹೋಗಿ, ರೇಡಿಯೊದಲ್ಲಿ ಹೇಳಿದ್ದನ್ನೇ ಹಾಕಿರಿ ಎಂದು ಡಾಕ್ಟರನ್ನು ಪೀಡಿಸಬೇಡಿ. ನಮಸ್ಕಾರ.